ನಿಮ್ಮ ಪ್ರಶ್ನೆ: ಸಿಡಿ138 ಎಲ್ಲಿ ಹೋಯಿತು?

ಪ್ರಶ್ನೆ: ಮೈಲೋಮಾ (ಮಜ್ಜೆಯ ಒಂದು ಕ್ಯಾನ್ಸರ್) ಸಂಶಯವಿದ್ದ ರೋಗಿಯ ಅಸ್ಥಿಮಜ್ಜೆಯನ್ನು ಶನಿವಾರ ಮಧ್ಯಾಹ್ನ ತೆಗೆದು ಫ್ಲೋ ಸೈಟೊಮೆಟ್ರಿಗೆಂದು (ಕೋಶದ ಮೇಲಿನ ಪ್ರೋಟೀನುಗಳನ್ನು ಆಂಟಿಬಾಡಿಯಿಂದ ಹುಡುಕುವ ಪರೀಕ್ಷೆಗೆಂದು) ಬೆಂಗಳೂರಿಗೆ ಕಳಿಸಿದೆವು. ಪರೀಕ್ಷೆಯಾದದ್ದು ಸೋಮವಾರ ಸಂಜೆ. ರಿಪೋರ್ಟಿನಲ್ಲಿ ‘ಸಿಡಿ138 ಮಂದ’ ಎಂದಿದೆ. ಬಯಾಪ್ಸಿಯಲ್ಲಿ ಅದೇ ಸಿಡಿ138 ಢಾಳಾಗಿ ಕಂಡಿದೆ. ಯಾವುದನ್ನು ನಂಬಬೇಕು?
– ಲ್ಯಾಬ್ ಟೆಕ್ನಿಷಿಯನ್, ಬಾಗಲಕೋಟೆ

ಉತ್ತರ: ಬಯಾಪ್ಸಿಯನ್ನು. ಫ್ಲೋ ಲ್ಯಾಬಿನವರದೂ ತಪ್ಪಲ್ಲ, ತಪ್ಪೇನಿದ್ದರೂ ಶನಿವಾರದ್ದು.

ಸಿಡಿ138 ಅಂದರೆ ಸಿಂಡಿಕ್ಯಾನ್-1. ಪ್ಲಾಸ್ಮಾ ಕೋಶದ (ಮೈಲೋಮಾದಲ್ಲಿ ಕೆಡುವ ಬಿಳಿ ರಕ್ತಕಣದ) ಪೊರೆಯ ಮೇಲೆ ಜೋಳದ ದಂಟಿನ ಹಾಗೆ ನಿಂತ ಪ್ರೋಟೀನು. ಮೈತುಂಬ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಯ ಎಳೆಗಳು. ಆಡಮ್17, ಎಂಎಂಪಿ-9ರಂಥ ಕಿಣ್ವಗಳು ಇದರ ಬುಡಕ್ಕೇ ಕುಡುಗೋಲು ಹಾಕುತ್ತವೆ. ಮೇಲಿನದು ಉದುರಿ ಕೂಳೆ ಉಳಿಯುತ್ತದೆ. ಫ್ಲೋದ ಆಂಟಿಬಾಡಿ ಹುಡುಕುವುದು ಉದುರಿದ ಭಾಗವನ್ನೇ. ಟ್ಯೂಬಿನಲ್ಲಿ ಕೋಶಗಳು ಹಳತಾಗಿ ಸಾಯತೊಡಗಿದಷ್ಟೂ ಈ ಕೊಯ್ಲು ಹೆಚ್ಚು. ಬಯಾಪ್ಸಿ ತುಣುಕು ಕೂಡಲೇ ಫಾರ್ಮಲಿನ್‌ಗೆ ಬಿದ್ದದ್ದರಿಂದ ಉಳಿಯಿತು.

ಇನ್ನು ಮೇಲೆ ಸೋಮವಾರದಿಂದ ಗುರುವಾರದೊಳಗೆ ತೆಗೆದು, 24 ಗಂಟೆಯೊಳಗೆ ಮುಟ್ಟುವಂತೆ ರಾತ್ರಿ ಬಸ್ಸಿಗೆ ಹಾಕಿ. ಫ್ಲೋಗೆ ಮೊದಲ ಎಳೆತದ 2–3 ಮಿ.ಲೀ. ಮೀಸಲಿಡಿ; ನಂತರದ್ದರಲ್ಲಿ ರಕ್ತ ಬೆರೆತು ಪ್ಲಾಸ್ಮಾ ಕೋಶ ತೆಳುವಾಗುತ್ತದೆ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು 8–10 ಸಲ ಮೆಲ್ಲಗೆ ಮಗುಚಿ, ಕುಲುಕಬೇಡಿ. ಫ್ರೀಜರ್ ಬೇಡವೇ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಥರ್ಮಾಕೋಲ್ ಡಬ್ಬಿ ಸಾಕು. ಐಸ್ ಪ್ಯಾಕಿಗೆ ಟ್ಯೂಬು ತಾಗದಂತೆ ನಡುವೆ ಪೇಪರ್ ಸುತ್ತಿ. ಫಾರ್ಮಿನಲ್ಲಿ ತೆಗೆದ ಗಂಟೆ ಬರೆಯಿರಿ. ರೋಗಿಗೆ ಮೈಲೋಮಾದ ಔಷಧಿ ಡಾರಾಟ್ಯುಮುಮ್ಯಾಬ್ ಕೊಟ್ಟಿದ್ದರೆ ಅದನ್ನೂ ಬರೆಯಿರಿ: ಪ್ಲಾಸ್ಮಾ ಕೋಶದ ಇನ್ನೊಂದು ಗುರುತಾದ ಸಿಡಿ38ನ್ನು ಆ ಔಷಧಿ ಮರೆಮಾಡುತ್ತದೆ. 138 ಉದುರಿ 38 ಮರೆಯಾದರೆ ಪ್ಲಾಸ್ಮಾ ಕೋಶ ಗುರುತಿಸುವವರ ಪಾಡು ಕೇಳಬೇಡಿ.

ರೋಗಿಯ ಮೈಯೊಳಗಿನ ಕೊಯ್ಲಿನ ಕಥೆಯೇ ಬೇರೆ. ಅಲ್ಲಿ ಹೆಪರನೇಸ್ ಕಿಣ್ವ ಎಳೆಗಳನ್ನು ಕತ್ತರಿಸಿದಷ್ಟೂ ಉದುರುವುದು ಏರುತ್ತದೆ. ಉದುರಿದ್ದು ಮಜ್ಜೆಯಲ್ಲೇ ಕಚ್ಚಿಕೊಂಡು, ವಿಇಜಿಎಫ್‌ನಂಥ ಬೆಳವಣಿಗೆಯ ಅಂಶಗಳನ್ನು ಹಿಡಿದಿಟ್ಟು ಗಡ್ಡೆಗೇ ಉಣಿಸುತ್ತದೆ.

ಪ್ರಶ್ನೆ: ಮಗನಿಗೆ ಡೆಂಗಿ. ಜ್ವರ ಬಿಟ್ಟ ಮೇಲೂ ಡಿಸ್ಚಾರ್ಜ್ ಮಾಡದೆ ಪದೇಪದೇ ರಕ್ತ ತೆಗೆದರು. ಬೇಕಿತ್ತೆ?
– ಓದುಗರು, ವಿಜಯಪುರ

ಉತ್ತರ: ಬೇಕಿತ್ತು. ರಕ್ತನಾಳದ ಒಳಮೈಗೂ ಇದೇ ಸಿಂಡಿಕ್ಯಾನ್ ಬೆಳೆಯ ಹೊದಿಕೆಯಿದೆ. ಡೆಂಗಿ ವೈರಸ್ಸಿನ ಎನ್ಎಸ್1 ಪ್ರೋಟೀನು ಒಳಮೈಯ ಕೋಶಗಳಲ್ಲೇ ಹೆಪರನೇಸ್ ಮೊದಲಾದ ಕಿಣ್ವಗಳನ್ನು ಕೆರಳಿಸುತ್ತದೆ. ಹೊದಿಕೆ ಉದುರಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರುತ್ತದೆ. ಈ ಸೋರಿಕೆ ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ಶುರುವಾಗಿ 24–48 ಗಂಟೆ ಇರುತ್ತದೆ. ರಕ್ತ ತೆಗೆದದ್ದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ನೋಡಲು. 38 ಇದ್ದದ್ದು 46 ಆದರೆ ಶೇ 20ಕ್ಕಿಂತ ಹೆಚ್ಚು ಏರಿದಂತೆ, ಅಂದರೆ ನಾಳ ಸೋರುತ್ತಿದೆ. ಪ್ಲೇಟ್‌ಲೆಟ್ ಎಣಿಕೆಯೊಂದನ್ನೇ ನೋಡುತ್ತ ಕುಳಿತರೆ ಇದು ತಪ್ಪಿಹೋಗುತ್ತದೆ.