'ಕ್ವೈಟ್ ಗುಡ್' ಅಂದರೆ ಹೊಗಳಿಕೆಯಾ?

ನಮಸ್ಕಾರ. ಮೂಡಿಗೆರೆಯಿಂದ ನೀವು ಕಳಿಸಿದ 'ಇಂಗ್ಲಿಷಿನ ಕ್ವೈಟ್: ಅರ್ಥ ಮತ್ತು ಬಳಕೆ' ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ವಿಷಯ ಒಳ್ಳೆಯದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

'ಕ್ವೈಟ್ ಅಂದರೆ ತುಂಬಾ' ಎಂದು ಮೊದಲ ಸಾಲಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಎಡವಟ್ಟಾಗಿರುವುದೇ ಅಲ್ಲಿ. ಅಮೆರಿಕದವರು 'ಕ್ವೈಟ್ ಗುಡ್' ಅಂದರೆ ಸಾಮಾನ್ಯವಾಗಿ ಮೆಚ್ಚಿದರು ಅಂತಲೇ. ಬ್ರಿಟನ್ನಿನವರ ಬಾಯಲ್ಲಿ ಅದು ಎಷ್ಟೋ ಸಲ 'ಪರವಾಗಿಲ್ಲ' ಅನ್ನುವಷ್ಟೇ. ಅದರಲ್ಲೂ 'ಕ್ವೈಟ್' ಮೇಲೆ ಒತ್ತು ಹಾಕಿದರೆ ಹಿಂದೆಯೇ ಒಂದು 'ಆದರೆ' ಬರುತ್ತದೆ ಅಂತ ತಿಳಿಯಬೇಕು. ನಾವೂ ಮದುವೆಮನೆಯಿಂದ ಬಂದು 'ಊಟ ಚೆನ್ನಾಗೇ ಇತ್ತು...' ಅಂತ ರಾಗ ಎಳೆಯುತ್ತೀವಲ್ವಾ, ಹಾಗೆ. ನೀವು ಮುಳ್ಳಯ್ಯನಗಿರಿಯನ್ನು 'ಕ್ವೈಟ್ ಹೈ' ಅಂದಿದ್ದೀರಿ. ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಲಂಡನ್ನಿನವರು ಓದಿದರೆ 'ತಕ್ಕಮಟ್ಟಿಗೆ ಎತ್ತರ' ಅಂದುಕೊಂಡಾರು!

ಆದರೆ ಅದೇ ಬ್ರಿಟನ್ನಿನವರು 'ಕ್ವೈಟ್ ಇಂಪಾಸಿಬಲ್' ಅಂದಾಗ ಅರ್ಥ ಬೇರೆ. ಒಳ್ಳೆಯದರಲ್ಲಿ ಕಮ್ಮಿ, ಜಾಸ್ತಿ ಉಂಟು. ಅಸಾಧ್ಯದಲ್ಲಿ ಇಲ್ಲ. ಹಾಗಾಗಿ ಅಲ್ಲಿ 'ಕ್ವೈಟ್' ಅಂದರೆ 'ಪೂರ್ತಿ', 'ಖಂಡಿತ'. ಮುಂದೆ ಬರುವ ಪದ ಎಂಥದ್ದು ಅನ್ನುವುದರ ಮೇಲೆ ಅರ್ಥ ತಿರುಗುತ್ತದೆ. ಲೇಖನದ ಜೀವ ಇದೇ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

'ನಾಟ್ ಕ್ವೈಟ್' ಅನ್ನು ನಿಘಂಟಿನಿಂದ ಎತ್ತಿ ಹಾಗೇ ಇಟ್ಟಿದ್ದೀರಿ. ಕಾಫಿ ಸೀಮೆಯವರು ನೀವು! ಅರೇಬಿಕಾ ಕೊಯ್ಲಿನಲ್ಲಿ ಅರ್ಧ ಕೆಂಪಾಗಿ, ತೊಟ್ಟಿನ ಹತ್ತಿರ ಇನ್ನೂ ಹಸಿರಿರುವ ಕಾಯಿಯನ್ನು ಗಿಡದಲ್ಲೇ ಬಿಟ್ಟು ಮುಂದಿನ ಸುತ್ತಿಗೆ ಕಾಯುವುದಿಲ್ವಾ? ಅದು 'ನಾಟ್ ಕ್ವೈಟ್ ರೈಪ್'. ಹಣ್ಣಾಗಿಲ್ಲ ಅಂತಲ್ಲ, ಸ್ವಲ್ಪ ಬಾಕಿ. ದೋರೆಗಾಯಿ ಅಂದರೆ ನಮ್ಮ ಓದುಗರಿಗೆ ತಕ್ಷಣ ಹೊಳೆಯುತ್ತದೆ.

'ಕ್ವೈಟ್ ಎ ಫ್ಯೂ' ಅಂದರೆ ಕೆಲವು ಅಲ್ಲ, ಬಹಳ. ಅಷ್ಟು ಹೇಳಿದರೆ ಸಾಕಿತ್ತು, ನೀವು ಪುಟವಿಡೀ ಸುತ್ತಿದ್ದೀರಿ. ಮೌನ ಅನ್ನುವ ಅರ್ಥದ 'ಕ್ವಯಟ್' ಜೊತೆ ಮಕ್ಕಳು ಕಾಗುಣಿತ ತಪ್ಪುತ್ತಾರೆ ಅಂದದ್ದು ಸರಿ. ಎರಡೂ ಲ್ಯಾಟಿನ್ನಿನ ಒಂದೇ ಪದದಿಂದ ಬಂದವು ಅಂತಲೂ ಸೇರಿಸಿ.

ಲಂಡನ್ ಹೋಟೆಲಿನ ಸಂಭಾಷಣೆ ಪೂರ್ತಿ ತೆಗೆಯಿರಿ, ಸುಮ್ನೆ ಜಾಗ ತಿನ್ನುತ್ತಿದೆ. ಎರಡು ಪುಟಕ್ಕೆ ಇಳಿಸಿ, ತಿರುಗಿ ಬರೆದು ಕಳಿಸಿ. ಕೊಯ್ಲು ಮುಗಿದ ಮೇಲಾದರೂ ಸರಿ, ಅವಸರವಿಲ್ಲ.