ಹದಿನಾಲ್ಕು ವಚನ ಬೇಡ, ಆ ಮೂರು ಸಾಲು ಸಾಕು

ಕಾರವಾರದ ಸೋದರಿಗೆ ನಮಸ್ಕಾರ.

‘ಮಕ್ಕಳಲ್ಲಿ ಕ್ರೈಸ್ತ ವಿಶ್ವಾಸ ಬೆಳೆಸುವುದು ಹೇಗೆ’ ಎಂಬ ನಿಮ್ಮ ಲೇಖನ ಓದಿದೆ. ಎಂಟು ಪುಟ, ಹತ್ತು ಸಲಹೆ. ನಮ್ಮ ಪತ್ರಿಕೆಯ ಡಿಸೆಂಬರ್ ಸಂಚಿಕೆಗೆ ಹಾಕಿಕೊಳ್ಳಿ ಅಂತ ಕೇಳಿದ್ದೀರಿ. ಈಗ ಇರುವ ಹಾಗೆ ಹಾಕುವುದಕ್ಕೆ ಆಗುವುದಿಲ್ಲ. ಆದರೆ ಐದನೇ ಪುಟದಲ್ಲಿ ಮೂರು ಸಾಲು ಇವೆ. ಅವು ಇಲ್ಲದಿದ್ದರೆ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿರಲಿಲ್ಲ.

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಮೊಬೈಲ್ ಕೆಟ್ಟದ್ದು, ಟಿವಿ ಕೆಟ್ಟದ್ದು, ಈಗಿನ ತಾಯಂದಿರಿಗೆ ಪುರುಸೊತ್ತಿಲ್ಲ, ಹಿಂದೆ ಹೀಗಿರಲಿಲ್ಲ. ಇದರಲ್ಲೇ ನಾಲ್ಕು ಪುಟ ಹೋಗಿದೆ. ಇದೆಲ್ಲ ನಮ್ಮ ಓದುಗರಿಗೆ ಭಾನುವಾರದ ಶೆರ್ಮಾಂವ್‌ನಲ್ಲೇ, ಪಾದ್ರಿಗಳ ಪ್ರವಚನದಲ್ಲೇ, ಸಿಗುತ್ತದೆ. ತೆಗೆದುಬಿಡಿ.

ಇನ್ನು ಬೈಬಲ್ ವಚನಗಳು. ಹದಿನಾಲ್ಕು ಇವೆ. ಒಂದರ ಹತ್ತಿರವೂ ನೀವು ನಿಂತಿಲ್ಲ. ಧರ್ಮೋಪದೇಶಕಾಂಡದ 6ನೇ ಅಧ್ಯಾಯದ ಮಾತು ಹಾಕಿ, ಕೂಡಲೇ ‘ಆದ್ದರಿಂದ ಮಕ್ಕಳನ್ನು ತಪ್ಪದೆ ದೊತೊರ್ನ್ ಕ್ಲಾಸಿಗೆ ಕಳಿಸಬೇಕು’ ಅಂದಿದ್ದೀರಿ, ಅಂದರೆ ಚರ್ಚಿನ ಧರ್ಮಬೋಧನೆಯ ತರಗತಿಗೆ. ಕಳಿಸಿ, ಬೇಡ ಅನ್ನುವವರು ಯಾರು? ಆದರೆ ಆ ವಚನದಲ್ಲಿ ಕ್ಲಾಸಿನ ಸುದ್ದಿಯೇ ಇಲ್ಲವಲ್ಲ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಹತ್ತಿರ ಈ ಮಾತು ಆಡಿ ಅಂತಿದೆ. ಅಂದರೆ ನಿಮ್ಮ ಅಡುಗೆಮನೆ, ಮೀನುಪೇಟೆಯಿಂದ ಚೀಲ ಹಿಡಿದು ಬರುವ ದಾರಿ, ಮಗನ ಚಾಪೆ. ಇವು ಮೂರೂ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕಾರವಾರದ ಮನೆಯೊಂದರ ಬಗ್ಗೆ ಬರೆದಿದ್ದೀರಿ, ಬಂಗಡೆ ಹುರಿದ ವಾಸನೆ ಕೂಡ ಬರುವುದಿಲ್ಲ ಅಂದರೆ ಹೇಗೆ?

ಎರಡು ತಿದ್ದುಪಡಿ, ಬೇಗ ಮುಗಿಸುತ್ತೇನೆ. ಕುಟುಂಬವೇ ಪುಟ್ಟ ಧರ್ಮಸಭೆ, ಅಂದರೆ ಪುಟ್ಟ ಚರ್ಚು, ಎಂಬ ಮಾತನ್ನು ಪೋಪ್ ಎರಡನೇ ಜಾನ್ ಪಾಲ್ ಅವರ ಹೆಸರಿಗೆ ಬರೆದಿದ್ದೀರಿ. ಅವರ 1981ರ ಪತ್ರದಲ್ಲಿ ಅದು ಇದೆ, ನಿಜ. ಆದರೆ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಅದನ್ನು ಹೇಳಿತ್ತು. ತಂದೆತಾಯಿ ಮಾತಿನಿಂದಲೂ ನಡತೆಯಿಂದಲೂ ಮಕ್ಕಳಿಗೆ ಮೊದಲ ಬೋಧಕರಾಗಬೇಕು ಅಂತಲೂ ಅಲ್ಲೇ ಇದೆ. ನೀವು ಮಾತನ್ನು ಇಟ್ಟುಕೊಂಡು ನಡತೆಯನ್ನು ಬಿಟ್ಟಿದ್ದೀರಿ. ಮತ್ತೆ, ಅಜ್ಜಿ ಚಿಕ್ಕವರಿದ್ದಾಗ ‘ಕಾರವಾರದ ಬಿಷಪ್ಪರು’ ಮನೆಗೆ ಬಂದಿದ್ದರು ಅಂದಿದ್ದೀರಿ. ಕಾರವಾರ ತನ್ನದೇ ಬಿಷಪ್ಪರಿರುವ ಧರ್ಮಪ್ರಾಂತ್ಯ ಆದದ್ದೇ 1976ರಲ್ಲಿ. ಬಂದವರು ಯಾರು ಅಂತ ಮನೆಯಲ್ಲಿ ಕೇಳಿ ನೋಡಿ.

ಈಗ ಐದನೇ ಪುಟ.

ರಾತ್ರಿ ಎಲ್ಲರೂ ಕೂತು ತೆರ್ಸ್, ಜಪಸರದ ಪ್ರಾರ್ಥನೆ, ಹೇಳುತ್ತಿದ್ದೀರಿ. ‘ಆಮ್ಚ್ಯಾ ಬಾಪಾ’ (ನಮ್ಮ ತಂದೆಯೇ) ಬಂತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ಎಂಬಲ್ಲಿ ನಿಮ್ಮ ಎಂಟು ವರ್ಷದ ಮಗ ತಡೆದು ಕೇಳಿದ: ‘ಹಾಗಾದ್ರೆ ದೊಡ್ಡಪ್ಪನ ಮನೆಗೆ ನಾವ್ಯಾಕೆ ಹೋಗಲ್ಲ?’ ಗಡಿಯಲ್ಲಿರುವ ತೆಂಗಿನ ಮರದ ಜಗಳ. ‘ಮೊದಲು ತೆರ್ಸ್ ಮುಗಿಸು’ ಅಂದಿರಿ. ಅಷ್ಟೇ. ಆಮೇಲೆ ‘ಮಕ್ಕಳು ಹೀಗೆ ತುಂಟ ಪ್ರಶ್ನೆ ಕೇಳುತ್ತಲೇ ಇರುತ್ತಾರೆ’ ಅಂತ ಸೇರಿಸಿ ಆರನೇ ಸಲಹೆಗೆ ಹೋಗಿಬಿಟ್ಟಿರಿ!

ಅಮ್ಮಾ, ಅದು ತುಂಟ ಪ್ರಶ್ನೆ ಅಲ್ಲ. ಅವನು ಪ್ರಾರ್ಥನೆಯನ್ನು ಕೇಳಿಸಿಕೊಂಡಿದ್ದಾನೆ. ನೀವು ಎಂಟು ಪುಟದಲ್ಲಿ ಹೇಗೆ ಕಲಿಸುವುದು ಅಂತ ಹುಡುಕುತ್ತಿದ್ದೀರಲ್ಲ, ಅವನು ಆಗಲೇ ಕಲಿತಿದ್ದಾನೆ. ಉತ್ತರ ಕೊಡಬೇಕಾದವರು ನೀವು. ಮತ್ತಾಯ 6ನೇ ಅಧ್ಯಾಯ ತೆಗೆದು ನೋಡಿ. ಈ ಪ್ರಾರ್ಥನೆ ಕಲಿಸಿದ ಮೇಲೆ ಯೇಸು ಅದರಲ್ಲಿ ಒಂದೇ ಒಂದು ಮಾತನ್ನು ಮತ್ತೆ ಎತ್ತಿಕೊಂಡು ಬಿಡಿಸಿ ಹೇಳುತ್ತಾನೆ. ಅನ್ನದ್ದಲ್ಲ, ಶೋಧನೆ ಅಂದರೆ ಪ್ರಲೋಭನೆಯದ್ದೂ ಅಲ್ಲ. ನೀವು ಕ್ಷಮಿಸದಿದ್ದರೆ ನಿಮಗೂ ಕ್ಷಮೆ ಇಲ್ಲ ಅಂತ. ನಿಮ್ಮ ಮಗ ನಿಲ್ಲಿಸಿದ್ದೂ ಅಲ್ಲೇ. ಲೇಖನಕ್ಕೆ ವಚನ ಬೇಕೇ ಬೇಕು ಅಂದರೆ ಇದೊಂದು ಇರಲಿ.

ಏಳನೇ ಪುಟದಲ್ಲಿ ಇನ್ನೊಂದು ಸಾಲಿದೆ. ಕ್ರಿಸ್ಮಸ್‌ಗೆ ನೆವ್ರಿ, ದೋದೋಲ್, ಕಲ್ಕಲ್ ತಟ್ಟೆಯಲ್ಲಿಟ್ಟು ಅಕ್ಕಪಕ್ಕದ ಹಿಂದೂ ಮನೆಗಳಿಗೂ ಕೊಟ್ಟು ಬರುತ್ತೇವೆ ಅಂತ. ತಟ್ಟೆ ಒಯ್ಯುವವನು ಯಾರು? ಮಗನೇ ಇರಬೇಕು ಅಲ್ವಾ? ಯಾವ ಗೇಟಿನ ಹತ್ತಿರ ನಿಲ್ಲದೆ ಮುಂದೆ ಹೋಗಬೇಕು ಅಂತ ಅವನಿಗೆ ಯಾರು ಹೇಳಿಕೊಟ್ಟರು? ಈ ಸಾಲನ್ನೂ ಆ ತೆರ್ಸಿನ ಸಾಲನ್ನೂ ಪಕ್ಕಪಕ್ಕ ಇಡಿ. ಆಗ ಅವನ ಅಪ್ಪ ಏನು ಮಾಡುತ್ತಿದ್ದರು, ಮುಂದಿನ ಪ್ರಾರ್ಥನೆ ‘ನಮೊ ಮರಿಯೆ’ ಯಾರು ಶುರುಮಾಡಿದರು, ಮಲಗುವಾಗ ಮಗ ಮತ್ತೆ ಕೇಳಿದನಾ, ಬರೆಯಿರಿ. ನಿಮ್ಮ ಅಭಿಪ್ರಾಯ ಆಮೇಲೆ ನೋಡೋಣ.

ಮೂರನೇ ಪುಟದಲ್ಲಿ ಇದೇ ಹುಡುಗ ‘ತಾಯಿಯೇ, ಪ್ರಭುವಿನ ಪ್ರೀತಿ ಅಪಾರವಲ್ಲವೇ?’ ಅನ್ನುತ್ತಾನೆ. ಅದನ್ನು ನಾನು ನಂಬಲಿಲ್ಲ, ನೀವೂ ನಂಬಬೇಡಿ. ಮನೆಯಲ್ಲಿ ಕೊಂಕಣಿ ಆಡುವವರು ನೀವು. ಅವನು ಆಡಿದ್ದನ್ನು ಕೊಂಕಣಿಯಲ್ಲೇ ಹಾಕಿ ಪಕ್ಕದಲ್ಲಿ ಕನ್ನಡ ಕೊಡಿ. ನಮ್ಮ ಓದುಗರು ಓದಿಕೊಳ್ಳುತ್ತಾರೆ.

ಕೊನೆಗೆ ದೊಡ್ಡಪ್ಪ ಕಣ್ಣೀರು ಹಾಕಿ ತಬ್ಬಿಕೊಂಡರು ಅಂತ ಮಾತ್ರ ಬರೆಯಬೇಡಿ, ನಿಜವಾಗಿ ಹಾಗೆ ಆಗದಿದ್ದರೆ. ಡಿಸೆಂಬರ್ ಸಂಚಿಕೆಗೆ ಅಂಥ ಮುಕ್ತಾಯ ನಮಗೆ ಬೇಕಾದಷ್ಟು ಬರುತ್ತವೆ. ಅರಬ್ಬಿ ಸಮುದ್ರದ ದಂಡೆಯಲ್ಲಿ ಹಿಮ ಬಿದ್ದ ಕಥೆಗಳೂ ಬಂದಿವೆ. ಮಾತು ಇನ್ನೂ ಬಿಟ್ಟಿದೆ ಅಂದರೆ ಬಿಟ್ಟಿದೆ ಅಂತಲೇ ಇರಲಿ.

ಒಂದು ತೊಡಕು ಇದೆ. ದೊಡ್ಡಪ್ಪನ ಮನೆಗೂ ನಮ್ಮ ಪತ್ರಿಕೆ ಬರುತ್ತದೆ ಅಂತ ನೀವೇ ಬರೆದಿದ್ದೀರಿ. ಹೆಸರು ಬದಲಿಸಿದರೂ ತೆಂಗಿನ ಮರ ಅವರಿಗೆ ಗೊತ್ತಾಗುತ್ತದೆ. ಹಾಗಾಗಿ ಅಚ್ಚಾಗುವ ಮೊದಲು ಅವರಿಗೊಮ್ಮೆ ತೋರಿಸಿ. ಅವರು ಬೇಡ ಅಂದರೆ ನಾನು ಹಾಕುವುದಿಲ್ಲ. ಮೂರು ಪುಟ ಮೀರದಿರಲಿ, ನವೆಂಬರ್ ಮೊದಲ ವಾರದೊಳಗೆ ಕಳಿಸಿ. ಕೈಬರಹ ಆದರೂ ಪರವಾಗಿಲ್ಲ, ಹಾಳೆಯ ಒಂದೇ ಬದಿಗೆ ಬರೆಯಿರಿ.

ಇಂತಿ,
ಸಂಪಾದಕ