ಬೆಳಗ್ಗಿನ ಬೈರಾಸು, ಕಪ್ಪು ಕಾರಿನ ಜೇಡರ ಬಲೆ

ಪ್ರಶ್ನೆ: ನನ್ನದು ಕಪ್ಪು ಬಣ್ಣದ ಸೆಡಾನ್ ಕಾರು, 5 ವರ್ಷ ಆಯಿತು. ಮನೆ ಉಡುಪಿಯ ಹತ್ತಿರ. ದಿನಾ ಬೆಳಗ್ಗೆ ಕಾರು ಒರೆಸಿಯೇ ಹೊರಡುವವನು ನಾನು. ಹಾಗಿದ್ದರೂ ರಾತ್ರಿ ಪೆಟ್ರೋಲ್ ಬಂಕಿನ ಲೈಟಿನ ಕೆಳಗೆ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆ ಕಾಣಿಸುತ್ತದೆ. ಮೇ ತಿಂಗಳಲ್ಲಿ ಗ್ಯಾರೇಜಿನಲ್ಲಿ ರಬ್ಬಿಂಗ್ ಮಾಡಿಸಿದೆ. ಸ್ವಲ್ಪ ದಿನ ಚೆನ್ನಾಗಿತ್ತು, ಮಳೆಗಾಲ ಮುಗಿಯುವಾಗ ಮತ್ತೆ ಅದೇ ಕಥೆ. ಪಾಲಿಶಿಂಗ್ ಮೆಷಿನ್ ತಗೊಂಡು ನಾನೇ ಮಾಡೋಣ ಅಂತ ಉಂಟು. ಮಾಡಬಹುದಾ? ಬಣ್ಣ ಹೋಗುತ್ತದಾ?

ಉತ್ತರ: "ದಿನಾ ಬೆಳಗ್ಗೆ ಒರೆಸಿಯೇ ಹೊರಡುವವನು" ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಉಂಟು. "ಹಾಗಿದ್ದರೂ" ಅಲ್ಲ ಮಾರಾಯ್ರೆ, "ಹಾಗಾಗಿಯೇ" ಅನ್ನಬೇಕು.

ನಮ್ಮ ಊರಿನ ಧೂಳು ಗೊತ್ತಲ್ಲ. ಕೆಂಪು ಕಲ್ಲು, ಕೆಂಪು ಮಣ್ಣು. ಮುಟ್ಟಿದರೆ ಪೌಡರಿನ ಹಾಗೆ ನುಣ್ಣಗೆ ಅನಿಸಿದರೂ ಅದರೊಳಗೆ ಮರಳಿನ ಗಟ್ಟಿ ಕಣ ಇರುತ್ತದೆ. ರಾತ್ರಿಯ ಇಬ್ಬನಿಗೆ, ಸಮುದ್ರದ ಉಪ್ಪು ಗಾಳಿಗೆ ಅದು ಕಾರಿಗೆ ಅಂಟಿ ಕೂತಿರುತ್ತದೆ. ಬೆಳಗ್ಗೆ ನೀವು ಹಳೆಯ ಬೈರಾಸು, ಅಂದರೆ ಟವೆಲ್ ತಗೊಂಡು ಗರಗರ ತಿರುಗಿಸಿ ಒರೆಸುತ್ತೀರಿ. ಅಂದರೆ ಕಾರಿನ ಮೈಗೆ ತೆಳುವಾಗಿ ಉಪ್ಪುಕಾಗದ ಹಾಕಿದ ಹಾಗೆ. ದಿನಕ್ಕೊಂದು ಸಲ, 5 ವರ್ಷ.

ಗೆರೆಗಳು ಸುತ್ತು ಸುತ್ತಾಗಿ ಕಾಣುತ್ತವಲ್ಲ, ನಿಜಕ್ಕೂ ಅವು ಸುತ್ತಾಗಿ ಇರುವುದಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇರುತ್ತವೆ. ಬಲ್ಬಿನ ಬೆಳಕಿಗೆ ಅಡ್ಡಲಾಗಿ ಬಿದ್ದ ಗೆರೆಗಳು ಮಾತ್ರ ಮಿನುಗುವುದರಿಂದ ಬಲ್ಬಿನ ಸುತ್ತ ಬಲೆ ನೇಯ್ದ ಹಾಗೆ ತೋರುತ್ತದೆ. ನೀವು ಎರಡು ಹೆಜ್ಜೆ ಸರಿದು ನೋಡಿ, ಬಲೆಯೂ ನಿಮ್ಮ ಜೊತೆಗೇ ಸರಿಯುತ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಗೆರೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕಪ್ಪು ಕಾರು ತಗೊಂಡವರ ಹಣೆಬರಹ.

ಈಗ ನಿಮ್ಮ ರಬ್ಬಿಂಗಿನ ವಿಷಯ. ಗೆರೆ ಮತ್ತೆ ಬರಲಿಲ್ಲ, ಮೊದಲೇ ಹೋಗಿರಲಿಲ್ಲ. ಅಗ್ಗದ ಪಾಲಿಶ್‌ಗಳಲ್ಲಿ ಎಣ್ಣೆ, ವ್ಯಾಕ್ಸ್ ತರಹದ ಅಂಶ ಇರುತ್ತದೆ. ಅದು ಗೆರೆಯೊಳಗೆ ತುಂಬಿಕೊಂಡು ಹೊಳಪು ತೋರಿಸುತ್ತದೆ. ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಲ್ಲಿ ಅದು ಎಷ್ಟು ದಿನ ನಿಂತೀತು? ತೊಳೆದು ಹೋಯಿತು, ಗೆರೆ ಹೊರಗೆ ಬಂತು.

ಬಣ್ಣ ಹೋಗುತ್ತದಾ ಅಂತ ಕೇಳಿದ್ದೀರಿ. ಬಣ್ಣ ಅಲ್ಲ, ಅದರ ಮೇಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಹೋಗುತ್ತದೆ. ಹೋಗಲೇಬೇಕು. ಗೆರೆ ಅಂದರೆ ಒಂದು ಸಣ್ಣ ಗುಂಡಿ. ಗುಂಡಿಯನ್ನು ತೆಗೆಯಲು ಆಗುವುದಿಲ್ಲ, ಸುತ್ತಲಿನ ನೆಲವನ್ನು ಅದರ ಮಟ್ಟಕ್ಕೆ ಇಳಿಸಬೇಕು. ಪಾಲಿಶ್ ಮಾಡುವುದೆಂದರೆ ಇದೇ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಹಗುರ ಪಾಲಿಶ್‌ಗೆ 1 ಮೈಕ್ರಾನ್ ಆಸುಪಾಸು ಹೋದರೆ, ಕಾಂಪೌಂಡ್ (ಜಾಸ್ತಿ ಸವೆಸುವ ಒರಟು ಪಾಲಿಶ್) ಹಾಕಿ ಗಟ್ಟಿ ತಿಕ್ಕಿದರೆ 3-4 ಮೈಕ್ರಾನ್ ಹೋಗಬಹುದು. ಬಿಸಿಲನ್ನು ತಡೆಯುವುದೂ ಇದೇ ಪದರ. ಹಳೆಯ ಕಾರುಗಳ ಟಾಪ್ ಮೇಲೆ ಬಿಳಿ ಬಿಳಿ ಪೊರೆ ಎದ್ದದ್ದು ನೋಡಿರಬಹುದು. ಕ್ಲಿಯರ್ ಕೋಟ್ ಸತ್ತಾಗ ಹಾಗಾಗುತ್ತದೆ. ಆಮೇಲೆ ಪೇಂಟಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ.

ಹಾಗಾಗಿ ಇದು ಬ್ಯಾಂಕಿನ ಡೆಪಾಸಿಟ್ ಇದ್ದ ಹಾಗೆ. ತೆಗೆಯಬಹುದು, ಮತ್ತೆ ಹಾಕಲು ಆಗುವುದಿಲ್ಲ. ಬೆಳಗ್ಗಿನ ಬೈರಾಸು ಬಿಡುವುದಿಲ್ಲ ಅಂತಾದರೆ ಮೆಷಿನ್ ತಗೊಳ್ಳಲೇ ಬೇಡಿ ಅಂತ ನನ್ನ ಸಲಹೆ. ಬಿಡುತ್ತೀರಾದರೆ ಮುಂದೆ ಓದಿ.

ಮೆಷಿನ್‌ನಲ್ಲಿ ಎರಡು ಜಾತಿ. ರೋಟರಿಯ ಪ್ಯಾಡ್ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಕೆಲಸ ಬೇಗ ಆಗುತ್ತದೆ, ಪೇಂಟ್ ಸುಡುವುದೂ ಬೇಗ. ಡ್ಯೂಯಲ್ ಆ್ಯಕ್ಷನ್, ಅಂದರೆ ಎಲ್ಲರೂ ಡಿಎ ಅನ್ನುವ ಮೆಷಿನ್‌ನಲ್ಲಿ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ. ಬಿಸಿ ಒಂದೇ ಕಡೆ ಸೇರುವುದಿಲ್ಲ. ಜಾಸ್ತಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ. ಹೊಸಬರಿಗೆ ಅದೇ ರಕ್ಷಣೆ. ನೀವು ಡಿಎ ತಗೊಳ್ಳಿ, 5 ಇಂಚಿನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಇರುವಂಥದ್ದು.

ರೋಟರಿ ಬೇಡ ಅಂತ ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸ ಕಲಿಯುವ ಹೊಸದರಲ್ಲಿ ನನ್ನ ಭಾವನ ಕಾರಿನ ಬಾನೆಟ್ಟಿಗೆ ರೋಟರಿ ಇಟ್ಟಿದ್ದೆ. ಬಾನೆಟ್ಟಿನ ಮಧ್ಯೆ ಉಬ್ಬಿದ ಗೆರೆ ಇರುತ್ತದಲ್ಲ, ಅದರ ಮೇಲೆ ಒಂದೆರಡು ಸೆಕೆಂಡು ಜಾಸ್ತಿ ನಿಂತೆ. ಪ್ಯಾಡ್ ಎತ್ತಿದಾಗ ಕೆಂಪು ಬಣ್ಣದ ನಡುವೆ ಬೂದು ಪ್ರೈಮರ್ ನಗುತ್ತಿತ್ತು. ಭಾವ ಏನೂ ಹೇಳಲಿಲ್ಲ. ಅಕ್ಕ ಈಗಲೂ ಹೇಳುತ್ತಾಳೆ. ಅಂಚುಗಳಲ್ಲಿ, ಉಬ್ಬುಗೆರೆಗಳಲ್ಲಿ ಪೇಂಟ್ ತೆಳುವಾಗಿರುತ್ತದೆ, ಒತ್ತಡ ಎಲ್ಲ ಅಲ್ಲೇ ಬೀಳುತ್ತದೆ. ಅಂಥ ಕಡೆಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಲೋಗೋ ಇವಕ್ಕೂ ಟೇಪ್ ಹಾಕಿ, ಇಲ್ಲದಿದ್ದರೆ ಪಾಲಿಶ್ ತಾಗಿ ಬಿಳಿ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಬಂಪರ್ ಬಿಸಿಯನ್ನು ಹಿಡಿದಿಡುತ್ತದೆ, ಅಲ್ಲೂ ಹುಷಾರು.

ಸಾಧ್ಯವಾದರೆ ಪೇಂಟಿನ ದಪ್ಪ ಅಳೆಯುವ ಮೀಟರ್ ಇರುವವರಲ್ಲಿ ಒಮ್ಮೆ ನೋಡಿಸಿ. ಅದು ತಗಡಿನ ಮೇಲಿನ ಎಲ್ಲ ಪದರಗಳನ್ನೂ ಸೇರಿಸಿ ತೋರಿಸುತ್ತದೆ, ಕ್ಲಿಯರ್ ಕೋಟನ್ನು ಬೇರೆಯಾಗಿ ಅಲ್ಲ. ಕಂಪನಿ ಪೇಂಟ್ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ಇರುತ್ತದೆ. ಒಂದು ಬಾಗಿಲು ಮಾತ್ರ 250 ತೋರಿಸಿತು ಅಂದರೆ ಅದು ಮೊದಲೇ ಗ್ಯಾರೇಜ್ ಕಂಡಿದೆ. ಒಂದು ಕಡೆ 70 ಬಂದರೆ ಅಲ್ಲಿ ಮೆಷಿನ್ ಇಡಬೇಡಿ.

ಪಾಲಿಶ್‌ಗೆ ಮೊದಲು ಕಾರು ಚೆನ್ನಾಗಿ ತೊಳೆಯಿರಿ. ಆಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿ. ತರಿತರಿ ಅನಿಸಿದರೆ ಹೆಚ್ಚಾಗಿ ಕಬ್ಬಿಣದ ಕಣ ಕೂತಿದೆ ಅಂತ ಅರ್ಥ. ಬ್ರೇಕಿನಿಂದ ಬರುತ್ತದೆ, ರೈಲು ಹಳಿಯ ಹತ್ತಿರ ನಿಲ್ಲಿಸುವವರಿಗೆ ಜಾಸ್ತಿ. ಬಂದರು, ಕಾರ್ಖಾನೆಗಳಿರುವ ಪಣಂಬೂರು, ಬೈಕಂಪಾಡಿ ಕಡೆ ಕೆಲಸಕ್ಕೆ ಹೋಗುವವರ ಕಾರು ಮುಟ್ಟಿದರೆ ನನಗೆ ಕೂಡಲೇ ಗೊತ್ತಾಗುತ್ತದೆ. ಐರನ್ ರಿಮೂವರ್ ಸ್ಪ್ರೇ ಮಾಡಿದರೆ ಕಣ ಇದ್ದಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ತೊಳೆದ ಮೇಲೂ ಉಳಿದದ್ದಕ್ಕೆ ಕ್ಲೇ ಬಾರ್ (ಕಣವನ್ನು ಎತ್ತಿ ತೆಗೆಯುವ, ಜೇಡಿಮಣ್ಣಿನಂಥ ಮೆತ್ತಗಿನ ತುಂಡು) ಸವರಿ, ನೀರು ಧಾರಾಳ ಹಾಕಿ. ಇದನ್ನು ಬಿಟ್ಟು ನೇರ ಮೆಷಿನ್ ಇಟ್ಟರೆ ಆ ಕಣವೇ ಪ್ಯಾಡಿಗೆ ಸೇರಿ ಹೊಸ ಗೆರೆ ಎಳೆಯುತ್ತದೆ.

ಮಳೆ ಹೋದ ಮೇಲೆ ಮಾಡಿ. ಬಿಸಿಲಿಗಂತೂ ಬೇಡವೇ ಬೇಡ, ತಗಡು ಬಿಸಿಯಾದರೆ ಪಾಲಿಶ್ ಕ್ಷಣದಲ್ಲಿ ಒಣಗಿ ಅಂಟುತ್ತದೆ. ಪೋರ್ಚಿನ ನೆರಳಲ್ಲಿ, ಒಂದು ಫ್ಯಾನ್ ಇಟ್ಟುಕೊಂಡು. ಫ್ಯಾನ್ ಕಾರಿಗಲ್ಲ, ನಿಮಗೆ. ನಮ್ಮ ಸೆಕೆಯಲ್ಲಿ ಬೆವರು ಬಾನೆಟ್ ಮೇಲೆ ತೊಟ್ಟಿಕ್ಕುತ್ತಾ ಇರುತ್ತದೆ.

ಮುಖ್ಯ ಕೆಲಸ ಇನ್ನು. ಇಡೀ ಕಾರಿಗೆ ಶುರು ಮಾಡುವ ಮೊದಲು ಬಾನೆಟ್ಟಿನಲ್ಲಿ ಒಂದು ಅಡಿ ಚೌಕದ ಜಾಗ ಆರಿಸಿ. ಮೆತ್ತಗಿನ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ಅಂದರೆ ಹಗುರ ಪಾಲಿಶ್, ಇದರಿಂದಲೇ ಶುರು. ಗೆರೆ ಹೋಗಲಿಲ್ಲವಾ? ಪ್ಯಾಡ್ ಮಾತ್ರ ಸ್ವಲ್ಪ ಗಟ್ಟಿಯದು ಹಾಕಿ. ಆಗಲೂ ಹೋಗದಿದ್ದರೆ ಕಾಂಪೌಂಡ್. ಕೆಲವು ಕಾರಿನ ಕ್ಲಿಯರ್ ಕೋಟ್ ಬೆಣ್ಣೆಯ ಹಾಗೆ, ಕೆಲವು ಕಲ್ಲು. ನಿಮ್ಮದು ಯಾವುದು ಅಂತ ಈ ಚೌಕವೇ ಹೇಳಬೇಕು, ಅಂಗಡಿಯವನು ಹೇಳಲಾರ. ಹೆಚ್ಚಿನವರು ಮಾಡುವ ತಪ್ಪೆಂದರೆ ಮೊದಲ ದಿನವೇ ಕಾಂಪೌಂಡ್ ಡಬ್ಬ ತೆರೆಯುವುದು.

ಪ್ಯಾಡಿಗೆ ಕಡಲೆಕಾಳಿನಷ್ಟು ದೊಡ್ಡ 4-5 ಹನಿ ಸಾಕು. ಮೊದಲ ಸ್ಪೀಡಿನಲ್ಲಿ ಹರಡಿ, ಆಮೇಲೆ 4 ಅಥವಾ 5ಕ್ಕೆ ಏರಿಸಿ. ಒಂದೂವರೆ ಅಡಿ ಚೌಕದಷ್ಟೇ ಜಾಗ ತಗೊಂಡು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ಹೀಗೆ 4ರಿಂದ 6 ಸಲ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧದ ಮೇಲೆ ಬರಬೇಕು. ಕೈ ನಿಧಾನ, ಸೆಕೆಂಡಿಗೆ ಒಂದು ಇಂಚು. ನಾಲ್ಕು ನಿಮಿಷ ತಡವಾದ ಬಸ್ಸಿನ ಡ್ರೈವರಿನ ಹಾಗೆ ಅವಸರ ಮಾಡಬೇಡಿ. ಬ್ಯಾಕಿಂಗ್ ಪ್ಲೇಟಿನ ಬದಿಗೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿಟ್ಟುಕೊಳ್ಳಿ. ಆ ಗೆರೆ ತಿರುಗುವುದು ಕಾಣುತ್ತಿದ್ದರೆ ಸರಿ. ಬರೀ ನಡುಗುತ್ತಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ ಅಥವಾ ಪ್ಯಾಡ್ ವಾಲಿದೆ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಿ ಸ್ವಚ್ಛ ಮಾಡಿ. ಒಂದೇ ಪ್ಯಾಡಿನಲ್ಲಿ ಇಡೀ ಕಾರು ಆಗುವುದಿಲ್ಲ, ನಾಲ್ಕೈದು ಬೇಕು.

ಹೊಳಪು ನೋಡಿ ಖುಷಿಪಡುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ಮೂರು ಪಾಲು ನೀರು ಸೇರಿಸಿ ಒರೆಸಿ. ಪಾಲಿಶಿನ ಎಣ್ಣೆ ಹೋಗುತ್ತದೆ, ನಿಜ ಕಾಣುತ್ತದೆ. ನಿಮ್ಮ ಗ್ಯಾರೇಜಿನ ರಬ್ಬಿಂಗಿಗೆ ಅಂದು ಈ ಪರೀಕ್ಷೆ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬೆಳಕಿಗೆ ಮೊಬೈಲ್ ಟಾರ್ಚ್ ಸಾಕು.

ಹತ್ತರಲ್ಲಿ ಎಂಟು ಗೆರೆ ಹೋದರೆ ನಿಲ್ಲಿಸಿ. ಉಳಿದೆರಡು ಆಳದವು. ಅವುಗಳ ಹಿಂದೆ ಬಿದ್ದರೆ ಡೆಪಾಸಿಟ್ ಕರಗುತ್ತದೆ. ಇಷ್ಟಕ್ಕೇ ಹೊಸಬರಿಗೆ ಎರಡು ದಿನ ಬೇಕು. ಶನಿವಾರ ಬಾನೆಟ್, ಟಾಪ್, ಡಿಕ್ಕಿ, ಭಾನುವಾರ ಬದಿಗಳು ಅಂತ ಹಂಚಿಕೊಳ್ಳಿ. ಕೊನೆಗೆ ಪೇಂಟಿನ ರಕ್ಷಣೆಗೆ ವ್ಯಾಕ್ಸ್ ಅಥವಾ ಸೀಲಂಟ್ ಹಾಕಿ. ಸೆರಾಮಿಕ್ ಕೋಟಿಂಗ್ ನಿಮಗೆ ಬಿಟ್ಟದ್ದು. ಆದರೆ ಅದು ಹಾಕಿದರೆ ಗೆರೆಯೇ ಬೀಳುವುದಿಲ್ಲ ಅನ್ನುವವರನ್ನು ನಂಬಬೇಡಿ, ಬೈರಾಸು ಹಾಕಿ ತಿಕ್ಕಿದರೆ ಅದಕ್ಕೂ ಗೆರೆ ಬೀಳುತ್ತದೆ.

ಇನ್ನು ಮುಂದೆ ಒಣ ಕಾರು ಒರೆಸಬೇಡಿ. ಬೆಳಗ್ಗೆ, ಓಡಿಸುವವರಿಗೆ ರಸ್ತೆ ಕಾಣಲು ಬೇಕಾದ ಗಾಜು, ಕನ್ನಡಿ ಅಷ್ಟೇ ಒರೆಸಿ. ವಾರಕ್ಕೊಮ್ಮೆ ಮೊದಲು ಪೈಪಿನ ನೀರು ಬಿಟ್ಟು ಮಣ್ಣು ಇಳಿಸಿ, ಆಮೇಲೆ ಶಾಂಪೂವಿಗೊಂದು, ಬಟ್ಟೆ ಜಾಲಿಸಲು ಒಂದು, ಎರಡು ಬಕೆಟ್ ಇಟ್ಟು ಮೇಲಿನಿಂದ ಕೆಳಗೆ ತೊಳೆಯಿರಿ. ಕೆಳಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ಬೇಡ. ವಾಟರ್ ಸರ್ವಿಸ್‌ಗೆ ಕೊಡುವುದಾದರೆ ನೊರೆ, ನೀರು ಅವರು ಹಾಕಲಿ, ಒರೆಸುವ ಮೈಕ್ರೋಫೈಬರ್ ನೀವೇ ಕೊಡಿ. ಮಲ್ಪೆ ಬೀಚಿಗೆ ಹೋಗಿ ಬಂದ ಮರಳಿನ ಜೀಪ್ ಒರೆಸಿದ ಸ್ಪಂಜೇ ನಿಮ್ಮ ಕಾರಿಗೂ ಬರುವುದು ಬೇಡ ಅಲ್ವಾ? ಧೂಳು ಕೂತ ಕಾರಿಗೆ ಕವರ್ ಹಾಕುವುದೂ ತಪ್ಪು, ಗಾಳಿಗೆ ಕವರೇ ಬೈರಾಸಿನ ಕೆಲಸ ಮಾಡುತ್ತದೆ. ಆಯುಧಪೂಜೆಯ ಗಂಧ, ಕುಂಕುಮ ಒಣಗಿದ ಮೇಲೆ ಉಗುರಿನಿಂದ ಕೆರೆಯಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟರೆ ತಾನೇ ಬಿಡುತ್ತದೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ನನ್ನ ಸ್ನೇಹಿತನ ವೆಲ್ಡಿಂಗ್ ಶಾಪ್ ಇದೆ. ಅವನ 4 ಇಂಚಿನ ಗ್ರೈಂಡರಿಗೆ ಫೋಮ್ ಪ್ಯಾಡ್ ಹಾಕಿ ಪಾಲಿಶ್ ಮಾಡಬಹುದಾ? ಸುಮ್ನೆ ಇನ್ನೊಂದು ಮೆಷಿನ್ ಯಾಕೆ?

ಉತ್ತರ: ಬೇಡ. ಆ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಪಾಲಿಶಿಂಗ್ ರೋಟರಿಯೇ 600ರಿಂದ 3000. ಪೇಂಟ್ ಸುಡುವುದು ಹಾಗಿರಲಿ, ಅಷ್ಟು ವೇಗಕ್ಕೆ ಮಾಡದ ಪ್ಯಾಡ್ ಹರಿದು ಮುಖಕ್ಕೆ ಹಾರಬಹುದು. ಸ್ಪೀಡ್ ಕಡಿಮೆ ಮಾಡುವ ರೆಗ್ಯುಲೇಟರ್ ಸಿಕ್ಕಿದರೂ ಬೇಡ. ಸ್ನೇಹಿತನಿಗೆ ಗೇಟ್ ಮಾಡಲು ಬಿಡಿ.

ಪ್ರಶ್ನೆ: ಬಸ್ ತಾಗಿ ಎಡಬದಿಯ ಫೆಂಡರ್ ಪೇಂಟ್ ಮಾಡಿಸಿ ಎರಡು ವಾರ ಆಯಿತು. ಅದು ಮಾತ್ರ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ಪಾಲಿಶ್ ಮಾಡಿದರೆ ಸರಿಯಾಗುತ್ತದಾ? (ಕಂಕನಾಡಿ)

ಉತ್ತರ: ಬರೀ ಪಾಲಿಶ್‌ನಿಂದ ಆಗುವುದಿಲ್ಲ. ಅದಕ್ಕೆ 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನುಣುಪು ಉಪ್ಪುಕಾಗದ) ಹಾಕಿ ಸಮ ಮಾಡಿ ಆಮೇಲೆ ಪಾಲಿಶ್ ಮಾಡಬೇಕು. ಎಷ್ಟು ಕೋಟ್ ಹೊಡೆದಿದ್ದಾರೆ ಅಂತ ಗೊತ್ತಿರುವುದು ಪೇಂಟ್ ಮಾಡಿದವರಿಗೇ, ಅವರಿಂದಲೇ ಮಾಡಿಸಿ. ಬಿಲ್ ಹಿಡಿದು ಹೋಗಿ, ನಾಚಿಕೆ ಬೇಡ. ವ್ಯಾಕ್ಸ್, ಕೋಟಿಂಗ್ ಏನಿದ್ದರೂ ಇನ್ನೂ ಒಂದೆರಡು ತಿಂಗಳು ಬಿಟ್ಟು. ಹೊಸ ಪೇಂಟಿನೊಳಗಿನ ಥಿನ್ನರ್ ಪೂರ್ತಿ ಹೊರಗೆ ಹೋಗಬೇಕು.

ಪ್ರಶ್ನೆ: ಮಂಗಳೂರಿನಲ್ಲಿ 8 ವರ್ಷದ ಬಿಳಿ ಕಾರು. ಗೆರೆ ಏನೂ ಕಾಣುತ್ತಿಲ್ಲ, ಆದರೆ ಸಣ್ಣ ಸಣ್ಣ ಕಂದು ಚುಕ್ಕಿ ಬಿದ್ದಿದೆ. ವರ್ಷಕ್ಕೊಮ್ಮೆ ಮೆಷಿನ್ ಪಾಲಿಶ್ ಮಾಡಿಸಲೇಬೇಕು ಅನ್ನುತ್ತಾರೆ. ಹೌದಾ?

ಉತ್ತರ: ಕಾಣದ ಗೆರೆಗೆ ಕ್ಲಿಯರ್ ಕೋಟ್ ಯಾಕೆ ಸವೆಸುತ್ತೀರಿ? ಆ ಚುಕ್ಕಿ ಹೆಚ್ಚಾಗಿ ಕಬ್ಬಿಣದ ಕಣ ತುಕ್ಕು ಹಿಡಿದದ್ದು, ಒಳಗಿನ ತಗಡಿನದ್ದಲ್ಲ. ನೆರಳಲ್ಲಿ ಐರನ್ ರಿಮೂವರ್ ಹಾಕಿ, ಒಣಗಲು ಬಿಡದೆ ತೊಳೆಯಿರಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ. ಅದರ ವಾಸನೆ ಮಾತ್ರ ಕೊಳೆತ ಮೊಟ್ಟೆಯ ಹಾಗೆ, ಅಡುಗೆಮನೆ ಕಿಟಕಿಯ ಹತ್ತಿರ ಮಾಡಬೇಡಿ.